ಮ್ಯಾಂಟಲ್‌ಗೆ ಯಾವ ಬಣ್ಣ ಹಚ್ಚಬೇಕು?

ಪ್ರಶ್ನೆ: ಎಂಟನೇ ತರಗತಿಯಲ್ಲಿರುವ ಮಗಳು ಭೂಮಿಯನ್ನು ಅರ್ಧಕ್ಕೆ ಸೀಳಿದಂತೆ ಒಂದು ಚಾರ್ಟ್ ಬರೆಯುತ್ತಿದ್ದಾಳೆ. ಭೂಕವಚದ ಕೆಳಗೆ ಮ್ಯಾಂಟಲ್‌ಗೆ ಕೆಂಪು ಬಣ್ಣ ಹಚ್ಚಿ, ಅಲೆ ಬಿಡಿಸಿ, 'ಲಾವಾ' ಎಂದು ಬರೆದಿದ್ದಾಳೆ. ಭೂಫಲಕಗಳು ಅದರ ಮೇಲೆ ತೇಲುತ್ತವಂತೆ. ಆದರೆ ಮ್ಯಾಂಟಲ್ ಗಟ್ಟಿ ಬಂಡೆ ಎಂದು ನಾನು ಎಲ್ಲೋ ಓದಿದ ನೆನಪು. ಯಾವುದು ಸರಿ? ಗಟ್ಟಿಯಾಗಿದ್ದರೆ ಫಲಕಗಳು ಚಲಿಸುವುದು ಹೇಗೆ? ಅಷ್ಟಕ್ಕೂ ಅಲ್ಲಿಗೆ ಯಾರೂ ಹೋಗಿ ನೋಡಿಲ್ಲ, ಇದೆಲ್ಲ ಗೊತ್ತಾಗಿದ್ದಾದರೂ ಹೇಗೆ?

ಉತ್ತರ: ನೀವು ಓದಿದ್ದೇ ಸರಿ. ಮ್ಯಾಂಟಲ್ ಗಟ್ಟಿ ಬಂಡೆ. ಹಾಗಂತ ಮಗಳನ್ನು ಗದರಬೇಡಿ. ಒಳಗೆ ಲಾವಾದ ಕಡಲು ಕುದಿಯುತ್ತಿದೆ, ಮೇಲೆ ಖಂಡಗಳು ತೆಪ್ಪದ ಹಾಗೆ ತೇಲುತ್ತಿವೆ ಎಂಬ ಚಿತ್ರ ನಮ್ಮೆಲ್ಲರ ತಲೆಯಲ್ಲಿ ಎಷ್ಟು ಬೇರು ಬಿಟ್ಟಿದೆಯೆಂದರೆ, ಭೂವಿಜ್ಞಾನ ಓದಲೆಂದೇ ಬಂದ ಪದವಿ ವಿದ್ಯಾರ್ಥಿಗಳಿಂದ ಅದನ್ನು ಬಿಡಿಸುವುದಕ್ಕೂ ನನಗೆ ಇಡೀ ಒಂದು ತರಗತಿ ಹಿಡಿಯುತ್ತದೆ.

ಆ ದಿನ ನಾನೊಂದು ಕಲ್ಲು ಒಯ್ಯುತ್ತೇನೆ. ಮುಷ್ಟಿಗಿಂತ ತುಸು ದೊಡ್ಡದು. ಹೊರಗೆಲ್ಲ ಕಪ್ಪು ಬಸಾಲ್ಟ್, ಅಂದರೆ ಜ್ವಾಲಾಮುಖಿಯ ಲಾವಾ ಆರಿ ಕಲ್ಲಾದದ್ದು; ಗಾಳಿಗುಳ್ಳೆಯ ಸಣ್ಣ ತೂತುಗಳು ಇನ್ನೂ ಕಾಣುತ್ತವೆ. ನಡುವೆ ಬೇರೆಯೇ ಒಂದು ತುಂಡು ಸಿಕ್ಕಿಕೊಂಡಿದೆ. ಹಸಿರು, ಒರಟು ಸಕ್ಕರೆಯಂತೆ ಹರಳು ಹರಳು, ಉಗುರಿನಿಂದ ಕೆರೆದರೆ ಒಂದೆರಡು ಕಾಳು ಉದುರುತ್ತವೆ. ಈ ಹರಳಿನ ಹೆಸರು ಆಲಿವಿನ್. ಇದೇ ಚೊಕ್ಕಟವಾಗಿ, ದೊಡ್ಡದಾಗಿ ಸಿಕ್ಕರೆ ಪೆರಿಡಾಟ್ ಎಂದು ಕರೆದು ಉಂಗುರಕ್ಕೆ ಕೂರಿಸುತ್ತಾರೆ. ಆ ಹಸಿರು ತುಂಡು ಮ್ಯಾಂಟಲ್‌ನದು. ಲಾವಾ ಮೇಲಕ್ಕೆ ನುಗ್ಗುವಾಗ ದಾರಿಯ ಗೋಡೆಯಿಂದ ಕಿತ್ತುಕೊಂಡು ಬಂದದ್ದು. ಅಮೆರಿಕದ ಅರಿಜೋನಾದಲ್ಲಿರುವ ಸ್ಯಾನ್ ಕಾರ್ಲೋಸ್, ಕ್ಯಾನರಿ ದ್ವೀಪಗಳ ಲಾಂಜರೋಟೆಯಂಥ ಕಡೆ ಇಂಥವು ಧಾರಾಳ. ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟೇ: ಹಸಿರು ತುಂಡಿನ ಅಂಚನ್ನು ಬೆರಳಿನಿಂದ ಸವರಿ ನೋಡಿ. ಮೂಲೆಗಳಿವೆ. ಮೂಲೆ ಇರುವುದು ಮುರಿದ ವಸ್ತುವಿಗೆ. ಲಾವಾ ಅದರ ಸುತ್ತ ಹರಿದಿದೆ, ಅದು ಮಾತ್ರ ಕಲ್ಲಾಗಿಯೇ ಬಂದಿದೆ.

ಇಂಥ ಕಲ್ಲುಗಳು ಮ್ಯಾಂಟಲ್‌ನ ಮೇಲ್ಭಾಗದ ಸಂಗತಿಯನ್ನಷ್ಟೇ ಹೇಳುತ್ತವೆ. ಭೂಮಿಯ ತ್ರಿಜ್ಯ 6,371 ಕಿ.ಮೀ. ಅಷ್ಟೂ ಆಳದ ಸುದ್ದಿ ತಿಳಿದದ್ದು ಹೇಗೆ ಎಂಬ ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಕೊರೆದು ನೋಡಿ ತಿಳಿದದ್ದಂತೂ ಅಲ್ಲ. ರಷ್ಯಾದ ಕೋಲಾ ಪರ್ಯಾಯ ದ್ವೀಪದಲ್ಲಿ 1970ರಲ್ಲಿ ಶುರುವಾದ ಬಾವಿ 1989ರಲ್ಲಿ 12,262 ಮೀಟರ್ ಮುಟ್ಟಿತು. ತಳದಲ್ಲಿ 100 ಡಿಗ್ರಿ ಸೆಲ್ಸಿಯಸ್ ಇರಬಹುದೆಂದು ಲೆಕ್ಕ ಹಾಕಿದ್ದರು, ಇದ್ದದ್ದು 180. ಆ ಬಿಸಿಗೆ ಬಂಡೆಯ ವರ್ತನೆಯೇ ಬದಲಾಗಿ ಕೊರೆಯುವುದು ದುಸ್ತರವಾಯಿತು. ನಿಮ್ಮ ಮಗಳ ಭೂಮಿ 30 ಸೆಂ.ಮೀ. ಅಗಲದ ವೃತ್ತ ಎಂದುಕೊಂಡರೆ, ಇಪ್ಪತ್ತು ವರ್ಷ ಹೆಣಗಿ ಕೊರೆದ ಆ ಬಾವಿಯ ಆಳ 0.3 ಮಿ.ಮೀ. ಸೂಜಿಮೊನೆಯಿಂದ ಹಾಳೆ ಗೀರಿದಷ್ಟು.

ತೂಗಿ ನೋಡಿದಾಗ ಮೊದಲ ಸುಳಿವು ಸಿಕ್ಕಿತು. ಹೆನ್ರಿ ಕ್ಯಾವೆಂಡಿಶ್ 1798ರಲ್ಲಿ ಸೀಸದ ಗುಂಡುಗಳ ನಡುವಿನ ಸೆಳೆತವನ್ನು ಅಳೆದು, ಭೂಮಿಯ ಸರಾಸರಿ ಸಾಂದ್ರತೆ ನೀರಿನ ಸುಮಾರು 5.45 ಪಟ್ಟು ಎಂದ. ಇಂದಿನ ಲೆಕ್ಕ 5.51. ನೆಲದ ಮೇಲಿನ ಸಾಮಾನ್ಯ ಬಂಡೆ ನೀರಿಗಿಂತ 2.7 ಪಟ್ಟು ಭಾರ, ಅಷ್ಟೆ. ಮೇಲೆ ಹಗುರ, ಒಟ್ಟಾರೆ ಭಾರ. ಅಂದಮೇಲೆ ನಡುವೆ ತುಂಬಾ ಭಾರವಾದದ್ದು ಏನೋ ಇರಲೇಬೇಕು. ಆಕಾಶದಿಂದ ಬೀಳುವ ಉಲ್ಕಾಶಿಲೆಗಳಲ್ಲಿ ಕೆಲವು ಬರಿಯ ಕಬ್ಬಿಣ ಮತ್ತು ನಿಕ್ಕಲ್. ಕೇಂದ್ರಗೋಳ ಕಬ್ಬಿಣದ್ದು ಎಂಬ ಊಹೆ ಹುಟ್ಟಿದ್ದು ಹೀಗೆ.

ಊಹೆಗೆ ಆಕಾರ ಕೊಟ್ಟದ್ದು ಭೂಕಂಪಗಳು. ದೊಡ್ಡ ಭೂಕಂಪವೊಂದು ಆದಾಗ ಅದರ ಅಲೆಗಳು ಭೂಮಿಯ ಹೊಟ್ಟೆಯೊಳಗಿಂದ ಹಾಯ್ದು ಇಪ್ಪತ್ತು ನಿಮಿಷದಲ್ಲಿ ಆಚೆ ಬದಿಗೆ ತಲುಪುತ್ತವೆ. ಅವುಗಳಲ್ಲಿ ಎರಡು ಬಗೆ. ಪಿ ಅಲೆ ಬಂಡೆಯನ್ನು ಹಿಂದೆ ಮುಂದೆ ಒತ್ತಿ ಹಿಗ್ಗಿಸುತ್ತ ಸಾಗುತ್ತದೆ, ಗಾಳಿಯಲ್ಲಿ ಸದ್ದು ಸಾಗುವಂತೆ. ಅದು ಘನದಲ್ಲೂ ಹೋದೀತು, ದ್ರವದಲ್ಲೂ ಹೋದೀತು. ಎಸ್ ಅಲೆ ಅಡ್ಡಕ್ಕೆ ಅಲುಗಿಸುತ್ತದೆ. ಅಡ್ಡಕ್ಕೆ ಜರುಗಿಸಿದ ವಸ್ತು ಮತ್ತೆ ಮೊದಲಿನ ಜಾಗಕ್ಕೆ ಎಳೆದುಕೊಂಡರಷ್ಟೇ ಅದು ಮುಂದೆ ಹೋಗಬಲ್ಲದು. ಬಕೆಟ್ಟಿನ ನೀರಿನ ಮೇಲೆ ಅಂಗೈಯನ್ನು ಅಡ್ಡಡ್ಡ ಸವರಿ ನೋಡಿ. ನೀರು ನಿಮ್ಮ ಕೈಯನ್ನು ಹಿಂದಕ್ಕೆ ಎಳೆಯುವುದಿಲ್ಲ. ಹಾಗಾಗಿ ಎಸ್ ಅಲೆಗೆ ದ್ರವದಲ್ಲಿ ದಾರಿಯಿಲ್ಲ.

ನಿಮ್ಮ ಮೊದಲ ಪ್ರಶ್ನೆಯ ತೀರ್ಪು ಇದರಲ್ಲೇ ಇದೆ. ಎಸ್ ಅಲೆಗಳು ಮ್ಯಾಂಟಲ್‌ನಲ್ಲಿ 2,890 ಕಿ.ಮೀ. ಆಳದವರೆಗೂ ನಿರಾತಂಕವಾಗಿ ಸಾಗುತ್ತವೆ, ಆಳ ಹೆಚ್ಚಿದಂತೆ ವೇಗವೂ ಹೆಚ್ಚುತ್ತದೆ. ಮ್ಯಾಂಟಲ್‌ನ ತಳದ ಬಂಡೆ ಆ ಒತ್ತಡದಲ್ಲಿ ಉಕ್ಕಿಗಿಂತಲೂ ಬಿರುಸು. ಆ ಗಡಿ ದಾಟಿದೊಡನೆ ಎಸ್ ಅಲೆ ನಿಂತುಹೋಗುತ್ತದೆ. ಕಂಪನದ ಕೇಂದ್ರದಿಂದ 104 ಡಿಗ್ರಿಗಿಂತ (ಇದು ಬಿಸಿಯಲ್ಲ, ಭೂಮಿಯ ನಡುವಿನಿಂದ ಅಳೆದ ಕೋನ) ಆಚೆ ಇರುವ ಯಾವ ಯಂತ್ರಕ್ಕೂ ನೇರವಾದ ಎಸ್ ಅಲೆ ಸಿಗುವುದಿಲ್ಲ. ಕೇಂದ್ರಗೋಳವೊಂದು ಇದೆಯೆಂದು 1906ರಲ್ಲಿ ತೋರಿಸಿದವನು ರಿಚರ್ಡ್ ಓಲ್ಡ್‌ಹ್ಯಾಮ್. ಅದು ದ್ರವವೆಂದು 1926ರಲ್ಲಿ ವಾದಿಸಿದವನು ಹೆರಾಲ್ಡ್ ಜೆಫ್ರೀಸ್. ಈ ಜೆಫ್ರೀಸ್ ಹೆಸರು ನೆನಪಿಡಿ, ಮತ್ತೆ ಬರುತ್ತಾನೆ.

ಇನ್ನೂ ಒಳಗೊಂದು ಪದರವಿದೆ ಎಂದು ಕಂಡುಹಿಡಿದ ಇಂಗೆ ಲೇಮನ್ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಡೆನ್ಮಾರ್ಕ್‌ನ ಈಕೆ 1929ರ ನ್ಯೂಜಿಲೆಂಡ್ ಭೂಕಂಪದ ದಾಖಲೆಗಳಲ್ಲಿ, ಪಿ ಅಲೆ ಬರಲೇಬಾರದ ಜಾಗದಲ್ಲಿ ಬಂದ ಸಣ್ಣ ನಡುಕವನ್ನು ಗಮನಿಸಿದರು. ಬೇರೆಯವರು ಅದನ್ನು ಗದ್ದಲವೆಂದು ಬದಿಗಿಟ್ಟಿದ್ದರು. ತೋಟದಲ್ಲಿ ದೊಡ್ಡ ಮೇಜು ಹಾಕಿಕೊಂಡು, ಓಟ್ಸ್‌ನ ರಟ್ಟಿನ ಡಬ್ಬಗಳಲ್ಲಿ ಭೂಕಂಪಗಳ ವಿವರದ ಚೀಟಿಗಳನ್ನು ಜೋಡಿಸಿಟ್ಟುಕೊಂಡು ಲೆಕ್ಕ ಮಾಡುತ್ತಿದ್ದರಂತೆ. ಕಂಪ್ಯೂಟರ್ ಎಂಬುದೇ ಇಲ್ಲದ ಕಾಲ. 1936ರಲ್ಲಿ ಅವರು ಹೇಳಿದ್ದು: ದ್ರವದ ನಡುವೆ ಒಂದು ಒಳಗೋಳವಿದೆ, ಅಲೆ ಅದಕ್ಕೆ ಬಡಿದು ಬಾಗಿ ಇಲ್ಲಿಗೆ ಬಂದಿದೆ. ಆ ಒಳ ಕೇಂದ್ರಗೋಳದ ತ್ರಿಜ್ಯ ಸುಮಾರು 1,220 ಕಿ.ಮೀ., ಗಟ್ಟಿ ಕಬ್ಬಿಣ. ಬಿಸಿ ಹೆಚ್ಚುಕಡಿಮೆ ಸೂರ್ಯನ ಹೊರಮೈಯಷ್ಟು. ಆದರೂ 36 ಲಕ್ಷ ವಾಯುಮಂಡಲಗಳಷ್ಟಿರುವ ಒತ್ತಡ ಅದನ್ನು ಕರಗಲು ಬಿಡುವುದಿಲ್ಲ.

ಈಗ ಮ್ಯಾಂಟಲ್‌ಗೆ ಹಿಂದಿರುಗೋಣ. ಭೂಮಿಯ ಗಾತ್ರದ ನೂರಕ್ಕೆ 84 ಪಾಲು ಅದೇ. ಗಟ್ಟಿ ಎಂದು ಎಸ್ ಅಲೆ ಸಾಕ್ಷಿ ನುಡಿದಾಯಿತು. ಆದರೂ ಅದು ಹರಿಯುತ್ತದೆ.

ಗಟ್ಟಿ ವಸ್ತು ಹರಿಯುವುದೆಂದರೆ ಕಿವಿಗೆ ವಿರೋಧ ಎನಿಸುತ್ತದೆ, ಕಣ್ಣಿಗೆ ಅಷ್ಟು ಹೊಸದಲ್ಲ. ಕುಲುಮೆಯಲ್ಲಿ ಕಾಯಿಸಿದ ಕಬ್ಬಿಣ ಕರಗಿರುವುದಿಲ್ಲ. ಇಕ್ಕಳದಲ್ಲಿ ಹಿಡಿದು ಎತ್ತಬಹುದು, ಸುತ್ತಿಗೆ ಬಿದ್ದರೆ ಖಣಿಲ್ ಎನ್ನುತ್ತದೆ. ಹಾಗಿದ್ದೂ ಬಡಿದಂತೆ ಬಾಗುತ್ತದೆ. ಹಿಮನದಿಯ ಮಂಜುಗಡ್ಡೆಗೆ ಕೊಡಲಿ ಹಾಕಿದರೆ ಚೂರಾಗುತ್ತದೆ; ಅದೇ ಗಡ್ಡೆ ವರ್ಷಾನುಗಟ್ಟಲೆ ಕಣಿವೆಯ ತಿರುವುಗಳಿಗೆ ಮೈ ಬಳುಕಿಸಿಕೊಂಡು ಇಳಿಯುತ್ತದೆ. ಯಾವ ಹರಳೂ ಪರಿಪೂರ್ಣವಲ್ಲ. ಅದರ ಪರಮಾಣುಗಳ ಸಾಲಿನಲ್ಲಿ ಅಲ್ಲಲ್ಲಿ ಒಂದು ಜಾಗ ಖಾಲಿ, ಒಂದು ಸಾಲು ಅರ್ಧಕ್ಕೇ ನಿಂತಿರುತ್ತದೆ. ಬಿಸಿ ಸಾಕಷ್ಟಿದ್ದರೆ ಪಕ್ಕದ ಪರಮಾಣು ಖಾಲಿ ಜಾಗಕ್ಕೆ ಜಿಗಿಯುತ್ತದೆ, ಅದರ ಜಾಗಕ್ಕೆ ಇನ್ನೊಂದು. ಕಲ್ಲು ಕಲ್ಲಾಗಿಯೇ ಇರುತ್ತದೆ, ಆಕಾರ ಮಾತ್ರ ಬದಲಾಗುತ್ತ ಹೋಗುತ್ತದೆ. ಎಸ್ ಅಲೆ ಸೆಕೆಂಡುಗಳಲ್ಲಿ ಅಲುಗಿಸಿ ಹೋಗುವುದರಿಂದ ಅದಕ್ಕೆ ಮ್ಯಾಂಟಲ್ ಉಕ್ಕಿನಂತೆ ಎದುರು ನಿಲ್ಲುತ್ತದೆ. ಸಾವಿರಾರು ವರ್ಷ ಬಿಡದೆ ಒತ್ತುವ ಭಾರಕ್ಕೆ ಅದೇ ಮ್ಯಾಂಟಲ್ ಸರಿದು ಜಾಗ ಕೊಡುತ್ತದೆ.

ಇದು ಬರೀ ವಾದವಲ್ಲ, ಅಳೆದದ್ದು. ಸ್ವೀಡನ್ನಿನ ಯೆವ್ಲೆ ಪಟ್ಟಣದ ಹತ್ತಿರ ಲೋವ್‌ಗ್ರುಂಡ್ ಎಂಬ ದ್ವೀಪವಿದೆ. 1731ರಲ್ಲಿ ಅಲ್ಲಿನ ದಡದ ಬಂಡೆಯೊಂದರ ಮೇಲೆ ಆಂಡರ್ಸ್ ಸೆಲ್ಸಿಯಸ್ ನೀರಿನ ಮಟ್ಟಕ್ಕೆ ಗುರುತು ಕೊರೆದ. ಜ್ವರ ಅಳೆಯುವಾಗ ನಾವು ಹೆಸರು ಹೇಳುವ ಸೆಲ್ಸಿಯಸ್ ಇವನೇ. ಸಮುದ್ರ ಇಳಿಯುತ್ತಿದೆ ಎಂಬುದು ಅವನ ನಂಬಿಕೆ. ಗುರುತು ಈಗ ನೀರಿನಿಂದ ಹೆಚ್ಚುಕಡಿಮೆ ಆಳೆತ್ತರದಲ್ಲಿದೆ. ಅವನ ಅಳತೆ ಸರಿ, ಕಾರಣ ತಲೆಕೆಳಗು: ಇಳಿದದ್ದು ಕಡಲಲ್ಲ, ಎದ್ದದ್ದು ನೆಲ. ಹಿಮಯುಗದಲ್ಲಿ ಆ ಪ್ರದೇಶದ ಮೇಲೆ ಸುಮಾರು 3 ಕಿ.ಮೀ. ದಪ್ಪದ ಮಂಜು ಕೂತಿತ್ತು. ಅದರ ಭಾರಕ್ಕೆ ಕೆಳಗಿನ ಮ್ಯಾಂಟಲ್ ಬದಿಗೆ ಸರಿದು ನೆಲ ಕುಸಿದಿತ್ತು. ಮಂಜು ಕರಗಿ ಹತ್ತು ಸಾವಿರ ವರ್ಷವಾಯಿತು. ಸರಿದ ಮ್ಯಾಂಟಲ್ ಇನ್ನೂ ವಾಪಸ್ ಬರುತ್ತಲೇ ಇದೆ. ಹತ್ತಿಯ ಹಾಸಿಗೆಯಿಂದ ಎದ್ದು ಹೋದ ಮೇಲೂ ತಗ್ಗು ನಿಧಾನಕ್ಕೆ ತುಂಬುವುದಿಲ್ಲವೇ, ಹಾಗೆ. ಬೋತ್ನಿಯಾ ಕೊಲ್ಲಿಯ ಉತ್ತರಕ್ಕೆ ಈಗಲೂ ನೆಲ ವರ್ಷಕ್ಕೆ 9 ಮಿ.ಮೀ. ಆಸುಪಾಸು ಏಳುತ್ತಿದೆ. ಏಳುವ ವೇಗದಿಂದ 1935ರಲ್ಲಿ ನಾರ್ಮನ್ ಹ್ಯಾಸ್ಕೆಲ್ ಮ್ಯಾಂಟಲ್‌ನ ಸ್ನಿಗ್ಧತೆಯನ್ನು, ಅಂದರೆ ಹರಿಯಲು ಅದು ಒಡ್ಡುವ ತಡೆಯನ್ನು, ಲೆಕ್ಕ ಹಾಕಿದ. ನೀರಿನದಕ್ಕಿಂತ ಎಷ್ಟು ಪಟ್ಟು? 1ರ ಮುಂದೆ 24 ಸೊನ್ನೆ.

ಇಷ್ಟು ಮಂದವಾದ ಹರಿವನ್ನು ಒಪ್ಪದೆ ಘಟಾನುಘಟಿಗಳೇ ಎಡವಿದ್ದಾರೆ. ಲಾರ್ಡ್ ಕೆಲ್ವಿನ್ 1862ರಲ್ಲಿ ಭೂಮಿ ಆರುವ ಲೆಕ್ಕ ಹಾಕಿ ಅದರ ವಯಸ್ಸು 2 ಕೋಟಿಯಿಂದ 40 ಕೋಟಿ ವರ್ಷದೊಳಗೆ ಎಂದ. ನಿಜವಾದದ್ದು 454 ಕೋಟಿ. ಒಳಗೆ ಬಿಸಿ ಹುಟ್ಟಿಸುವ ವಿಕಿರಣಶೀಲತೆ ಅವನಿಗೆ ಗೊತ್ತಿರಲಿಲ್ಲ, ಅದಕ್ಕೇ ತಪ್ಪಿದ ಎಂದು ಎಲ್ಲರೂ ಬರೆಯುತ್ತಾರೆ. ಅದು ಅರೆಸತ್ಯ. ಅವನ ಸಹಾಯಕನಾಗಿದ್ದ ಜಾನ್ ಪೆರಿ 1895ರಲ್ಲೇ, ಒಳಭಾಗ ನಿಧಾನವಾಗಿ ಮಗುಚಿಕೊಳ್ಳುತ್ತ ಬಿಸಿಯನ್ನು ಮೇಲಕ್ಕೆ ತರುತ್ತಿದ್ದರೆ ನಿಮ್ಮ ಲೆಕ್ಕವೇ ಬಿದ್ದುಹೋಗುತ್ತದೆ ಎಂದು ಎಚ್ಚರಿಸಿದ್ದ. ಕಿವಿಗೆ ಹಾಕಿಕೊಂಡವರು ಕಡಿಮೆ. ಇನ್ನು ಜೆಫ್ರೀಸ್. ಹವಾಮಾನ ವಿಜ್ಞಾನಿ ಆಲ್ಫ್ರೆಡ್ ವೆಗೆನರ್ 1912ರಲ್ಲಿ ಖಂಡಗಳು ಅಲೆಯುತ್ತವೆ ಎಂದಾಗ ಅತಿ ಗಟ್ಟಿಯಾಗಿ ವಿರೋಧಿಸಿದವರಲ್ಲಿ ಅವನೊಬ್ಬ. ಭೂಮಿಯ ಬಂಡೆ ಅಷ್ಟೊಂದು ಗಟ್ಟಿಯಾಗಿರುವಾಗ ಖಂಡ ಸಾಗರತಳವನ್ನು ಉತ್ತುಕೊಂಡು ಹೋಗುವುದೆಲ್ಲಿಂದ ಎಂದು ಅವನ ಪ್ರಶ್ನೆ. 1989ರಲ್ಲಿ ತೀರಿಕೊಳ್ಳುವವರೆಗೂ ಒಪ್ಪಲಿಲ್ಲ. ದ್ರವವನ್ನು ಕಂಡುಹಿಡಿದವನಿಗೆ ಘನ ಹರಿಯುವುದು ಕಾಣಲಿಲ್ಲ.

ಜೆಫ್ರೀಸನ ಪ್ರಶ್ನೆ ಮಾತ್ರ ನ್ಯಾಯವಾದದ್ದೇ. ವೆಗೆನರನ ಹತ್ತಿರ ಅದಕ್ಕೆ ಉತ್ತರವಿರಲಿಲ್ಲ. ಖಂಡಗಳು ಏನನ್ನೂ ಉತ್ತುಕೊಂಡು ಹೋಗುವುದಿಲ್ಲ, ಅವು ಫಲಕದ ಬೆನ್ನ ಮೇಲೆ ಕೂತ ಪ್ರಯಾಣಿಕರು ಎಂದು ತಿಳಿದದ್ದು ಸಾಗರತಳದ ನಕ್ಷೆ ಬಂದ ಮೇಲೆ. 1950ರ ದಶಕದ ಆರಂಭದಲ್ಲಿ ಮೇರಿ ಥಾರ್ಪ್ ಹಡಗುಗಳು ತಂದ ಆಳದ ಅಳತೆಗಳನ್ನು ಕೂತು ಬಿಡಿಸುತ್ತ, ಅಟ್ಲಾಂಟಿಕ್ ನಡುವಿನ ಪರ್ವತಸಾಲಿನ ನೆತ್ತಿಯ ಉದ್ದಕ್ಕೂ ಒಂದು ಸೀಳುಕಣಿವೆಯನ್ನು ಕಂಡರು. ಸಹೋದ್ಯೋಗಿ ಬ್ರೂಸ್ ಹೀಜನ್ ಅದನ್ನು ಮೊದಲಿಗೆ 'ಹುಡುಗಿಯರ ಹರಟೆ' ಎಂದು ತಳ್ಳಿಹಾಕಿದ್ದ. ಆ ಸೀಳಿನಲ್ಲಿ ಹೊಸ ತಳ ಹುಟ್ಟಿ ಎರಡು ಬದಿಗೂ ಸರಿಯುತ್ತದೆ ಎಂದು 1962ರಲ್ಲಿ ಹ್ಯಾರಿ ಹೆಸ್ ಬರೆದ.

ಫಲಕ ಎಂದರೆ ಭೂಕವಚ ಎಂದು ಅನೇಕರು ಅಂದುಕೊಂಡಿದ್ದಾರೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಭೂಕವಚ ಮತ್ತು ಮ್ಯಾಂಟಲ್ ನಡುವಿನ ಗಡಿ ಬಂಡೆಯ ಜಾತಿಯದು. ಸಾಗರದ ಕೆಳಗೆ 7 ಕಿ.ಮೀ., ಖಂಡದ ಕೆಳಗೆ ಸುಮಾರು 35ರಿಂದ 40, ಹಿಮಾಲಯ ಮತ್ತು ಟಿಬೆಟ್ ಕೆಳಗೆ 70 ಕಿ.ಮೀ. ಫಲಕದ ತಳದ ಗಡಿ ಬಿಸಿಯದು. ಮ್ಯಾಂಟಲ್‌ನ ಮೇಲಿನ ಭಾಗ ಆರಿ, ಭೂಕವಚದ ಜೊತೆ ಒಂದೇ ಹಲಗೆಯಂತೆ ಬಿಗಿದುಕೊಂಡಿದೆ. ಸುಮಾರು 1,300 ಡಿಗ್ರಿ ಮುಟ್ಟುವಲ್ಲಿ ಆ ಬಿಗಿ ಸಡಿಲುತ್ತದೆ. ಹಳೆಯ ಸಾಗರದಲ್ಲಿ ಅದು 100 ಕಿ.ಮೀ. ಆಳದಲ್ಲಿ, ಪುರಾತನ ಖಂಡಗಳಲ್ಲಿ 200 ಕಿ.ಮೀ.ವರೆಗೂ. ಫಲಕದ ಬಹುಪಾಲು ಮ್ಯಾಂಟಲ್ಲೇ ಅಂದಂತಾಯಿತು: ತಣ್ಣನೆಯ ಮ್ಯಾಂಟಲ್ ಬಿಸಿ ಮ್ಯಾಂಟಲ್ ಮೇಲೆ ಜಾರುತ್ತಿದೆ.

ಜಾರಿಸುವುದು ಯಾವುದು? ಪಾತ್ರೆಯಲ್ಲಿ ಹಾಲು ಕುದಿಯುತ್ತದೆ, ಮೇಲಿನ ಕೆನೆ ಆ ಕುದಿತಕ್ಕೆ ಸರಿದಾಡುತ್ತದೆ ಎಂಬ ಹೋಲಿಕೆ ಕೇಳಿರುತ್ತೀರಿ. ನಾನೂ ಬಹಳ ವರ್ಷ ಅದನ್ನೇ ಹೇಳುತ್ತಿದ್ದೆ, ಈಗ ಬಿಟ್ಟಿದ್ದೇನೆ. ಕೆನೆ ಹಗುರ, ತೇಲುತ್ತದೆ. ಸಾಗರದ ಫಲಕ ಹಾಗಲ್ಲ. ಸೀಳಿನಲ್ಲಿ ಹುಟ್ಟುವಾಗ ಬಿಸಿಯಾಗಿ ಹಗುರವಾಗಿರುತ್ತದೆ ನಿಜ. ದೂರ ಸರಿಯುತ್ತ ಆರುತ್ತದೆ, ಕುಗ್ಗುತ್ತದೆ, ದಪ್ಪವಾಗುತ್ತದೆ. ಕೆಲವು ಕೋಟಿ ವರ್ಷ ಕಳೆಯುವಷ್ಟರಲ್ಲಿ ತನ್ನ ಕೆಳಗಿನ ಬಿಸಿ ಮ್ಯಾಂಟಲ್‌ಗಿಂತ ಭಾರವಾಗಿಬಿಡುತ್ತದೆ. ಆಮೇಲೆ ಅದು ತೇಲುತ್ತಿಲ್ಲ, ಮುಳುಗಲು ದಾರಿ ಹುಡುಕುತ್ತಿದೆ. ಸಾಗರತಳದ ಆಳವಾದ ಕಂದಕವೊಂದರಲ್ಲಿ ತುದಿ ಬಾಗಿ ಒಳಗಿಳಿಯಿತೆಂದರೆ ಉಳಿದದ್ದನ್ನೂ ಎಳೆದುಕೊಂಡು ಹೋಗುತ್ತದೆ. ಹಗ್ಗದ ಮೇಲೆ ಹರವಿದ ಒದ್ದೆ ಬಟ್ಟೆ ಒಂದು ಬದಿಗೆ ಹೆಚ್ಚು ಇಳಿಬಿದ್ದರೆ ಇಡೀ ಬಟ್ಟೆ ಆ ಕಡೆಗೇ ಜಾರುವುದಿಲ್ಲವೇ?

ಇದಕ್ಕೆ ಒಳ್ಳೆಯ ಪರೀಕ್ಷೆ 1975ರಲ್ಲಿ ಫೋರ್ಸಿತ್ ಮತ್ತು ಉಯೆದಾ ಮಾಡಿದ್ದು. ಅಂಚಿನಲ್ಲಿ ಹೀಗೆ ಮುಳುಗುತ್ತಿರುವ ಭಾಗ ದೊಡ್ಡದಾಗಿರುವ ಫಲಕಗಳು ವೇಗವಾಗಿ ಓಡುತ್ತವೆ, ಅಂಥದ್ದಿಲ್ಲದವು ತೆವಳುತ್ತವೆ. ಪೆಸಿಫಿಕ್ ಮೊದಲನೆಯ ಗುಂಪಿನದು, ಯುರೇಷಿಯಾ ಮತ್ತು ಆಫ್ರಿಕಾ ಎರಡನೆಯದರವು. ಅಟ್ಲಾಂಟಿಕ್ ವರ್ಷಕ್ಕೆ 2.5 ಸೆಂ.ಮೀ. ಅಗಲವಾಗುತ್ತಿದೆ, ನಿಮ್ಮ ಉಗುರು ಬೆಳೆಯುವುದಕ್ಕಿಂತ ನಿಧಾನ. ಸೀಳಿನಿಂದ ಬರುವ ನೂಕೂ ಇದೆ. ಎಳೆತದ ಮುಂದೆ ಅದು ಸಣ್ಣದು. ಒಳಗಿಳಿದ ಫಲಕ ಬೇಗ ಬಿಸಿಯಾಗುವುದಿಲ್ಲ. ಸುಮಾರು 700 ಕಿ.ಮೀ. ಆಳದವರೆಗೂ ಅದರೊಳಗೆ ಭೂಕಂಪಗಳಾಗುತ್ತವೆ. 1994ರಲ್ಲಿ ಬೊಲಿವಿಯಾದ ಕೆಳಗೆ 8.2 ತೀವ್ರತೆಯದು ಆದದ್ದು 630 ಕಿ.ಮೀ.ಗೂ ಹೆಚ್ಚು ಆಳದಲ್ಲಿ.

ಖಂಡಗಳು ಮಾತ್ರ ಮುಳುಗುವ ಜಾತಿಯವಲ್ಲ. ಅವುಗಳ ದಪ್ಪ ಭೂಕವಚ ಹಗುರ. ಅದಕ್ಕೇ ಖಂಡಗಳ ಮೇಲೆ 400 ಕೋಟಿ ವರ್ಷ ಹಳೆಯ ಬಂಡೆ ಉಳಿದಿದೆ, ಸಾಗರಗಳ ನಡುವೆ 20 ಕೋಟಿ ದಾಟಿದ ತಳ ಸಿಗುವುದು ದುರ್ಲಭ. ಭಾರತದ ಫಲಕ ವರ್ಷಕ್ಕೆ 15 ಸೆಂ.ಮೀ.ಗೂ ಹೆಚ್ಚು ವೇಗದಲ್ಲಿ ಉತ್ತರಕ್ಕೆ ಓಡಿ, ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ತಾಗಿತು. ಮುಂದಿದ್ದ ಸಾಗರತಳ ಮುಳುಗಿ ಮುಗಿದಿತ್ತು, ಹಿಂದಿನಿಂದ ಬಂದ ಖಂಡ ಮುಳುಗಲೊಲ್ಲದೆ ಮಡಚಿಕೊಂಡಿತು. ಎವರೆಸ್ಟ್‌ನ ತುದಿಯಲ್ಲಿರುವುದು ಕಡಲ ಜೀವಿಗಳ ಪಳೆಯುಳಿಕೆ ಹೊತ್ತ ಸುಣ್ಣದ ಕಲ್ಲು.

ಹಾಗಾದರೆ ಲಾವಾ ಬರುವುದು ಎಲ್ಲಿಂದ ಎಂದು ನಿಮ್ಮ ಮಗಳು ಕೇಳಿಯೇ ಕೇಳುತ್ತಾಳೆ. ಬಿಸಿ ಹೆಚ್ಚಿಸಿ ಕರಗಿಸುವುದು ಅಪರೂಪ. ಸಾಗರದ ಸೀಳಿನಲ್ಲಿ ಆಗುವುದು ಒತ್ತಡದ ಇಳಿತ. ಕುಕ್ಕರ್‌ನೊಳಗೆ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಒತ್ತಡ ಬಿಟ್ಟೊಡನೆ ಭುಸ್ಸೆಂದು ಆವಿಯಾಗುತ್ತದೆ. ಮೇಲೇರುವ ಮ್ಯಾಂಟಲ್ ಹಾಗೆಯೇ ದಾರಿಯಲ್ಲಿ ಒಂದು ಸಣ್ಣ ಪಾಲು ಕರಗಿ ಬಸಾಲ್ಟ್ ಆಗುತ್ತದೆ. ಕಂದಕಗಳಲ್ಲಿ ಕರಗಿಸುವುದು ನೀರು: ಮುಳುಗುವ ಫಲಕ ಖನಿಜಗಳಲ್ಲಿ ಹಿಡಿದಿಟ್ಟುಕೊಂಡಿದ್ದ ನೀರನ್ನು ಸುಮಾರು 100 ಕಿ.ಮೀ. ಆಳದಲ್ಲಿ ಬಿಡುತ್ತದೆ, ಉಪ್ಪು ಬಿದ್ದ ಮಂಜು ಬೇಗ ಕರಗುವಂತೆ ನೀರು ಸೇರಿದ ಬಂಡೆ ಕಡಿಮೆ ಬಿಸಿಗೇ ಕರಗುತ್ತದೆ. ಪೆಸಿಫಿಕ್ ಸುತ್ತಲಿನ ಜ್ವಾಲಾಮುಖಿಗಳ ಬಳೆ ಇದರ ಫಲ.

ಇಡೀ ಭೂಮಿಯಲ್ಲಿ ನಿಜವಾಗಿ ದ್ರವವಾಗಿರುವ ಒಂದೇ ಒಂದು ಪದರ ಹೊರ ಕೇಂದ್ರಗೋಳ. ಕುದಿಯುವ ಕಡಲು ಬೇಕೇಬೇಕು ಎಂದರೆ ಅಲ್ಲಿದೆ, ಆದರೆ ಕಬ್ಬಿಣದ್ದು. ಅದರ ಸುಳಿಗಳೇ ಭೂಮಿಯ ಕಾಂತಕ್ಷೇತ್ರವನ್ನು ಹುಟ್ಟಿಸುತ್ತವೆ. ಆ ಕ್ಷೇತ್ರ ಆಗಾಗ ಉತ್ತರ ದಕ್ಷಿಣ ಅದಲುಬದಲಾಗಿ ಸಾಗರತಳದ ಬಸಾಲ್ಟ್‌ನಲ್ಲಿ ಪಟ್ಟೆಪಟ್ಟೆಯಾಗಿ ದಾಖಲಾಗಿದೆ. ಕೊನೆಯ ಅದಲುಬದಲು ಸುಮಾರು 7.8 ಲಕ್ಷ ವರ್ಷಗಳ ಹಿಂದಿನದು. ಸೀಳಿನ ಎರಡೂ ಬದಿಗೆ ಈ ಪಟ್ಟೆಗಳು ಕನ್ನಡಿ ಹಿಡಿದಂತೆ ಇರುವುದನ್ನು 1963ರಲ್ಲಿ ವೈನ್ ಮತ್ತು ಮ್ಯಾಥ್ಯೂಸ್ ವಿವರಿಸಿದ ಮೇಲೆಯೇ ಹೆಸ್‌ನ ಮಾತನ್ನು ಜನ ನಂಬತೊಡಗಿದ್ದು.

ಇನ್ನು ಚಾರ್ಟ್. 30 ಸೆಂ.ಮೀ. ಅಗಲದ ವೃತ್ತದಲ್ಲಿ ಒಳ ಕೇಂದ್ರಗೋಳಕ್ಕೆ 2.9 ಸೆಂ.ಮೀ. ತ್ರಿಜ್ಯದ ವೃತ್ತ ಹಾಕಲಿ, ಹೊರ ಕೇಂದ್ರಗೋಳಕ್ಕೆ 8.2 ಸೆಂ.ಮೀ. ಅಲೆಗಳನ್ನು ಬಿಡಿಸುವ ಆಸೆಯಿದ್ದರೆ ಈ ಎರಡರ ನಡುವೆ ಮಾತ್ರ. ಭೂಕವಚಕ್ಕೆ ಬೇರೆ ಬಣ್ಣ ಬೇಡ, ಪೆನ್ಸಿಲ್ ಗೆರೆಯ ದಪ್ಪವೇ ಸಾಕು. ಫಲಕ ತೋರಿಸಲು ಅದರ ಒಳಗೆ ಎರಡು, ಎರಡೂವರೆ ಮಿ.ಮೀ. ಪಟ್ಟಿ. ಮ್ಯಾಂಟಲ್‌ಗೆ ಹಸಿರು ಹಚ್ಚಿದರೆ ನನ್ನ ಮೇಜಿನ ಮೇಲಿನ ಕಲ್ಲಿಗೆ ನ್ಯಾಯ ಸಿಗುತ್ತದೆ. ಆ ಬಿಸಿಗೆ ಕಲ್ಲು ಕೆಂಡದಂತೆ ಹೊಳೆಯುತ್ತಿರುತ್ತದೆ ಎಂದು ಅವಳು ವಾದಿಸಿದರೆ ಅದೂ ಸರಿಯೇ, ಕಿತ್ತಳೆ ಹಚ್ಚಲಿ. 'ಲಾವಾ' ಎಂಬ ಪದವನ್ನು ಅಳಿಸಿ, ಸಾಗರದ ಸೀಳಿನ ಕೆಳಗೊಂದು, ಕಂದಕದ ಪಕ್ಕಕ್ಕೊಂದು ಕೆಂಪು ಚುಕ್ಕಿ ಇಡಲಿ, ಸ್ಕೆಚ್ ಪೆನ್ನಿನ ಮೊನೆ ಹಾಳೆಗೆ ಮುಟ್ಟಿಸಿ ತೆಗೆದಷ್ಟು.